ಕತ್ತೆಯೊಳಗೆ ಇಬ್ಬರು

ಬೆತ್ಲೆಹೇಮಿನ ಬೀದಿ ಸಿಗಲಿಲ್ಲ.
ಮುಚ್ಚಿಹೋದ ನಾಟಕ ಕಂಪನಿಯ ಗೋದಾಮಿನಿಂದ
ದ್ವಾರಕೆಯ ಬೀದಿಯನ್ನೇ ಬಾಡಿಗೆಗೆ ತಂದೆವು,
ದಿನಕ್ಕೆ ಆರುನೂರು, ಹರಿದರೆ ಬೇರೆ ಲೆಕ್ಕ.
ನವಿಲುಗಳ ಮೇಲೆ ಸುಣ್ಣ ಬಳಿಯಬೇಡಿ ಎಂದಿದ್ದರು,
ಬಳಿಯಲಿಲ್ಲ. ಹಾಗಾಗಿ ಆ ವರ್ಷ
ಯೇಸು ಹುಟ್ಟಿದ್ದು ಎರಡು ನವಿಲುಗಳ ನಡುವೆ,
ತುಮಕೂರಿನಲ್ಲಿ,
ಬಿ.ಎಚ್. ರಸ್ತೆಯ ಲಾರಿಗಳ ಹಾರನ್ನಿಗೆ ಕಿವಿಗೊಟ್ಟು.

ನಾನು ಸೈಡ್‌ವಿಂಗಿನಲ್ಲಿ, ಕೈಯಲ್ಲಿ ಇನ್ನೂರು ಪುಟದ ನೋಟುಬುಕ್ಕು,
ಮರೆತವರಿಗೆ ಮಾತು ಎತ್ತಿಕೊಡುವವಳು.
ಹದಿಮೂರು ವರ್ಷ. ದೇವದೂತನ ರೆಕ್ಕೆಗೆ ಎತ್ತರ ಹೆಚ್ಚು,
ಮರಿಯಳ ಸೆರಗಿಗೆ ಕಡಿಮೆ.

ಕತ್ತೆಗೆ ಇಬ್ಬರು ಬೇಕಿತ್ತು.
ಮುಂಗಾಲಿಗೆ ಸಮಾಧಾನ ದೊಡ್ಡಪ್ಪ, ಹಿಂಗಾಲಿಗೆ ನಮ್ಮಪ್ಪ.
ಪಾತ್ರ ಹಂಚಿದ್ದು ಜೀವರತ್ನಜ್ಜಿ. ಅವಳೆದುರು
ಪಾದ್ರಿಗಳೂ ಬಾಯಿ ಬಿಡುವುದಿಲ್ಲ.
ಅಣ್ಣತಮ್ಮ ಮಾತಾಡಿ ಮೂರು ವರ್ಷವಾಗಿತ್ತು.
ಹೆಸರಿಗಷ್ಟೇ ಸಮಾಧಾನ.
ನಡುವಿನ ಗೋಡೆ ಒಂದೂವರೆ ಅಡಿ ಅತ್ತಲೋ ಇತ್ತಲೋ,
ಸರ್ವೇಯರ್ ಎರಡು ಸಲ ಬಂದು ಕಾಫಿ ಕುಡಿದು ಹೋಗಿದ್ದ,
ಯಾರ ಮನೆಯಲ್ಲಿ ಕುಡಿದನೆಂದು ಅದಕ್ಕೂ ಜಗಳ.
“ಒಂದು ಚರ್ಮದೊಳಗೆ ಹೊಕ್ಕು ನೋಡಿ,” ಎಂದಳು ಅಜ್ಜಿ
ಬೂದು ಕಂಬಳಿಗೆ ಕಿವಿ ಹೊಲಿಯುತ್ತ.

ತಾಲೀಮಿನುದ್ದಕ್ಕೂ ಆ ಕತ್ತೆ
ತನ್ನಿಂದ ತಾನೇ ಎರಡು ಅಡಿ ದೂರವಿಟ್ಟು ನಡೆಯಿತು,
ನಡು ಜೋತು, ಹೊಟ್ಟೆ ನೆಲ ಗುಡಿಸುತ್ತ.

ಆಟದ ರಾತ್ರಿ ರಂಗಮಂದಿರ ಕಿಕ್ಕಿರಿದಿತ್ತು. ಟಿಕೆಟ್ಟಿಲ್ಲ.
ಚರ್ಚಿನವರು, ಪಕ್ಕದ ಬೀದಿಯವರು,
ಕಡ್ಲೆಕಾಯಿ ಪೊಟ್ಟಣ ಹಿಡಿದ ಸಿರಾ ಗೇಟಿನ ಹುಡುಗರು.
ಹೆರೋದನ ತಲೆಯ ಮೇಲೆ ದುರ್ಯೋಧನನ ಕಿರೀಟ.
ರಾಟೆಗೆ ಸಿಕ್ಕಿದ ನಕ್ಷತ್ರ ಅರ್ಧ ಆಕಾಶದಲ್ಲೇ ನಿಂತಿತು,
ಜ್ಞಾನಿಗಳು ಬಗ್ಗಿ ಅದರ ಕೆಳಗೆ ನುಸುಳಿದರು.

ಛತ್ರದ ಯಜಮಾನಿ ಡ್ರಿಲ್ ಮಾಸ್ತರು ಇಮ್ಮಾನುವೇಲಪ್ಪ,
ಮೈಗೆ ನಮ್ಮಮ್ಮನ ಮದುವೆ ಸೀರೆ, ಎದೆಗೆ ತುರುಕಿದ ಬನಿಯನ್ನು,
ಸೊಂಟಕ್ಕೆ ಬೀಗದಕೈ ಗೊಂಚಲು.
“ಜಾಗ ಇಲ್ಲ!” ಎಂದರು ಹೆಣ್ಣುದನಿಯಲ್ಲಿ.
“ಇದೆ!” ಎಂದವು ಮಕ್ಕಳು.
“ಇಲ್ಲಾ ಕಣ್ರೋ!”
“ಇದೇ!”
ಇದು ನನ್ನ ಪುಸ್ತಕದಲ್ಲಿರಲಿಲ್ಲ.
ಮೂರನೆಯ ಸಲಕ್ಕೆ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು
“ನಮ್ಮನೇಗೆ ಕಳಿಸಮ್ಮ, ಪಡಸಾಲೆ ಖಾಲಿ ಐತೆ” ಎಂದ.
ನಗುವವರು ನಕ್ಕರು. ಅವನು ನಗಲಿಲ್ಲ.
ಮಾಸ್ತರು ನನ್ನ ಕಡೆ ನೋಡಿದರು, ಮೀಸೆ ಬೋಳಿಸಿದ ತುಟಿ ಅದುರುತ್ತಿತ್ತು.
ಪುಟ ತಿರುವಿದೆ, ಮತ್ತೊಂದು ತಿರುವಿದೆ.
ಅದಕ್ಕೆ ಉತ್ತರ ಬರೆದಿರಲಿಲ್ಲ ಯಾರೂ.

ಆಮೇಲೆ ಹೆರೋದನ ಪೇದೆ ಕತ್ತಿ ಹಿರಿದು
ಸದ್ದಿಲ್ಲದೆ ಕತ್ತೆಯ ಬೆನ್ನಿಗೆ ಬಂದ.
“ಹಿಂದೆ! ಹಿಂದೆ ನೋಡು!”
ಮುಂಗಾಲು ಎಡಕ್ಕೆ ಹೊರಳಿತು, ಹಿಂಗಾಲು ಬಲಕ್ಕೆ.
ನಡುವಿನ ಹೊಲಿಗೆ ಪಟಪಟ ಬಿಚ್ಚಿತು,
ಬಿರುಕಿನಲ್ಲಿ ಅಪ್ಪನ ಪಟ್ಟಾಪಟ್ಟಿ ಚಡ್ಡಿ.
ಜನ ಕುರ್ಚಿ ಬಡಿದು ನಕ್ಕರು, ಎಂಥ ಆಕ್ಟಿಂಗು ಎಂದರು.
ನನಗೆ ಮಾತ್ರ ಕೇಳಿಸಿತು, ಕಂಬಳಿಯೊಳಗಿಂದ:
“ಸೊಂಟ ಹಿಡ್ಕೊಳ್ಳೋ, ಬೀಳ್ತೀಯ.”
ತುಸು ತಡೆದು,
“ಹಿಡ್ಕೊಂಡಿದೀನಿ. ನಡಿ.”

ಕತ್ತೆ ಐಗುಪ್ತಕ್ಕೆ ಹೊರಟಿತು.
ಮರಿಯ ಮೇಲೆ ಕೂರಲಿಲ್ಲ, ಕಿವಿ ಹಿಡಿದು ಜೊತೆಗೆ ನಡೆದಳು,
ನವಿಲುಗಳನ್ನು ದಾಟಿ, ನನ್ನನ್ನು ದಾಟಿ.
ಅದರ ಉಸಿರು ನನ್ನ ಕೈಗೆ ಬಿಸಿಯಾಗಿ ತಾಕಿತು.

ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಬಂದಿತ್ತು.
ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂತು ತಿಂದರು.
ಅಪ್ಪ ಚಟ್ನಿ ಬಕೆಟ್ಟನ್ನು ಕಾಲಿನಿಂದ ಅತ್ತ ಸರಿಸಿದ್ದನ್ನು
ನಾನು ಕಂಡೆನೆಂದರೆ ಅಮ್ಮ ನಂಬಲಿಲ್ಲ.

ಮರುದಿನ ಅಜ್ಜಿ ಕತ್ತೆಯನ್ನು ಒಗೆದು
ಆ ಗೋಡೆಯ ಮೇಲೆಯೇ ಒಣಹಾಕಿದಳು,
ಕಿವಿ ಅವರ ಕಡೆ, ಬಾಲ ನಮ್ಮ ಕಡೆ.
ಚಳಿಗಾಲದ ಬಿಸಿಲು. ಸಂಜೆಯಾದರೂ
ಎರಡೂ ಅಂಗಳಕ್ಕೆ ನೀರು ತೊಟ್ಟಿಕ್ಕುತ್ತಲೇ ಇತ್ತು.

ಫೆಬ್ರವರಿಯಲ್ಲಿ ಸರ್ವೇಯರ್ ಮತ್ತೆ ಬಂದ.
ಈ ಸಲ ಕಾಫಿ
ಎರಡೂ ಮನೆಯಲ್ಲಿ ಕುಡಿದ.