ಆರರ ಜಾಗದಲ್ಲಿ ಒಂಬತ್ತು

ಈ ಮನೆಯ ಕೋಣೆಗಳೆಲ್ಲ ಆರೂವರೆ ಮೊಳ ಅಗಲ,
ಒಂದಂಗುಲ ಹೆಚ್ಚಿಲ್ಲ.
ಆಯ ನೋಡಿ ಇಟ್ಟ ಅಳತೆಯಲ್ಲ ಅದು:
ಆಫ್ರಿಕದ ಕೆಸರಿನಲ್ಲಿ ಕಾಂಡ್ಲಾ ಗಳ ಬೆಳೆಯುವುದೇ ಅಷ್ಟುದ್ದ.
ಮರ ಎಲ್ಲಿ ಮುಗಿಯಿತೋ ಅಲ್ಲಿ ಗೋಡೆ ಎದ್ದಿದೆ.

ಮಜ್ಲಿಸ್ ಮಾತ್ರ ಬೇರೆ. ಹನ್ನೊಂದು ಮೊಳ.
ಮುತ್ತಿನ ತೂಕ ನೋಡಲು ಕೂತವರ ಮೊಣಕಾಲು
ಒಂದಕ್ಕೊಂದು ತಾಗಬಾರದೆಂದು
ವ್ಯಾಪಾರಿ ತೇಗ ತರಿಸಿದ, ಹಾಯಿಹಡಗಿನಲ್ಲಿ,
ನನ್ನ ಕಡಲ ಕಡೆಯಿಂದ.

ಬಾಗಿಲಲ್ಲಿ ಹಿತ್ತಾಳೆ ಫಲಕ: ಸಂರಕ್ಷಿತ ಕಟ್ಟಡ.
ಮೊಳೆ ಹೊಡೆಯಕೂಡದು.
ಒಳಗೆ ನಾನು, ಬಾಚಿ, ಉಳಿ, ಅಪ್ಪನ ಕೊಡತಿ,
ಮೊಫಿಜುಲ್ ಕಟ್ಟಿದ ಅಟ್ಟಣಿಗೆ.
ಊರಲ್ಲಿ ವಾಮನ ಆಚಾರಿ;
ಮುಹರ್ರಕ್ಕಿನ ಈ ಓಣಿಯಲ್ಲಿ ಬರೀ ನಜ್ಜಾರ್.

ಮಾಡು ಬಿಚ್ಚಿದೆವು. ಮಣ್ಣು,
ಅದರ ಕೆಳಗೆ ಖರ್ಜೂರದ ಗರಿಯ ಚಾಪೆ,
ಅದರ ಕೆಳಗೆ ಸೀಳಿದ ಬಿದಿರಿನ ಹೆಣಿಗೆ.
ಅದಕ್ಕೆ ಇಲ್ಲಿಯವರು ಮಂಗ್ರೂರ್ ಅನ್ನುತ್ತಾರೆ.
ಮಂಗಳೂರಿಂದ ಬಂದದ್ದಕ್ಕೋ, ಕೇಳಿದೆ.
ಇರಬಹುದು, ಅಂದಳು ಬುಥೈನಾ ಇಂಜಿನಿಯರು,
ಬರೆದುಕೊಳ್ಳದೆ.

ಆಮೇಲೆ ತೊಲೆಗಳು, ಹದಿನಾಲ್ಕು.
ಸುಣ್ಣ ಕೆರೆದರೆ ಬೆನ್ನ ಮೇಲೆ ಗೀರು.
ಗೆದ್ದಲೇ? ಪಾರ್ಸಿ ಲಿಪಿಯೇ?
ನಾನು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡೆ.
ಒಂದು. ಎರಡು. ಮೂರು.
ಕನ್ನಡ ಅಂಕೆ, ಉಳಿಯ ಮೂಲೆಯಲ್ಲಿ ಕೊರೆದದ್ದು;
ಹಂಗಾರಕಟ್ಟೆಯೋ ಗಂಗೊಳ್ಳಿಯೋ,
ಯಾವುದೋ ಅಳಿವೆಯ ದಡದಲ್ಲಿ ಕುಕ್ಕರಗಾಲಲ್ಲಿ ಕೂತ ಯಾರದೋ ಕೈ.
ಎಣಿಸುತ್ತ ಹೋದೆ. ನಾಲ್ಕು, ಐದು, ಒಂಬತ್ತು.
ಏಳು, ಎಂಟು, ಆರು.
ಹತ್ತು.

ನಗು ಬಂತು. ನಮ್ಮ ೬, ನಮ್ಮ ೯:
ಒಂದೇ ಸುಳಿ, ಬಾಲ ಮಾತ್ರ ಬೇರೆ ಕಡೆಗೆ.
ಓದಲು ಬಾರದ ಇಲ್ಲಿನ ಬಡಗಿ
ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟ.
ಬಿಸಿಲು ಸುಟ್ಟಿರಬೇಕು, ಮೇಸ್ತ್ರಿ ಬೈದಿರಬೇಕು.

ನಗುವ ವಿಷಯವಲ್ಲ. ತೊಲೆಗಳ ದಪ್ಪ
ನೂಲು ನೂಲಾಗಿ ಇಳಿಯುತ್ತದೆ ತೂಬಿನ ಕಡೆಗೆ,
ವರ್ಷಕ್ಕೆ ನಾಲ್ಕು ದಿನ ಬರುವ ಮಳೆಗೆ ದಾರಿ ಮಾಡಿ.
ಆರರಲ್ಲಿ ತೆಳು ಒಂಬತ್ತು ಕೂತದ್ದಕ್ಕೆ
ಮಾಡಿನ ಮೇಲೆ ಅಂಗೈಯಷ್ಟು ತಗ್ಗು.
ಅಲ್ಲಿ ನೀರು ನಿಂತು ನಿಂತು
ಕೊಳೆತದ್ದು ಅದೇ ತೊಲೆಯ ತುದಿ.
ಅದಲು ಬದಲು ಮಾಡೋಣ, ಅಂದೆ,
ಅರ್ಧ ದಿನದ ಕೆಲಸ.

ಆಗದು. ಇದ್ದದ್ದು ಇದ್ದ ಹಾಗೆ.
ತಪ್ಪೂನಾ?
ತಪ್ಪನ್ನು ಪಟ್ಟಿಗೆ ಸೇರಿಸಿದಳು.
ಈ ಸಲ ಬರೆದುಕೊಂಡಳು.

ವಾರೆ ಕಂಡರೆ ನಿದ್ದೆ ಬಾರದ ಕುಲ ನನ್ನದು.
ಎರಡು ದಿನ ಮಾತಾಡಲಿಲ್ಲ.
ಕೊನೆಗೆ ಗಾರೆಯ ಗುಲ್‌ಜರೀನ್
ಬಸಿಯಲ್ಲಿ ಚಹಾ ಹೀರುತ್ತ ಹೇಳಿದ:
ನಿನ್ನ ತೊಲೆ ಅಲ್ಲೇ ಬಿದ್ದಿರಲಿ ಚಾಚಾ,
ಮೇಲೆ ನಾನು ಎರಡು ಬೆರಳು ಹೆಚ್ಚು ಮೆತ್ತುತ್ತೇನೆ.

ಕೊಳೆತ ಮೂರು ಮೊಳ ಕೊಯ್ದೆ. ಅಂಕೆ ಅದರಲ್ಲೇ ಇತ್ತು;
ಚೀಟಿ ಕಟ್ಟಿಸಿಕೊಂಡು ಪೆಟ್ಟಿಗೆಯೊಳಗೆ ಹೋಯಿತು.
ಹೊಸ ತೇಗಕ್ಕೆ ನಾಲಗೆ ಬಿಡಿಸಿ, ಹಳೆಯದಕ್ಕೆ ಬಾಯಿ ತೆರೆಸಿ,
ಅಡ್ಡಕ್ಕೆ ಎರಡು ಬೆಣೆ.
ನಿಯಮದಂತೆ ಇಸವಿ ಕೊರೆದೆ, ಅವರ ಅಂಕೆಯಲ್ಲಿ.
ಕೈ ನಿಲ್ಲಲಿಲ್ಲ. ಪಕ್ಕದಲ್ಲಿ ನಮ್ಮ ಒಂಬತ್ತು,
ಬಾಲ ತುಸು ಉದ್ದಕ್ಕೆಳೆದು,
ಇನ್ನೊಮ್ಮೆ ಬಿಚ್ಚುವವನಿಗೆ ಗೊಂದಲವಾಗದ ಹಾಗೆ.
ಆಮೇಲೆ ನಾಲ್ಕು ಜನ ಎತ್ತಿ
ಆರರ ಜಾಗದಲ್ಲೇ ಇಟ್ಟೆವು,
ಗೊತ್ತಿದ್ದೇ.

ಜನವರಿಯ ಒಂದು ರಾತ್ರಿ ಮಳೆ.
ಮೊಫಿಜುಲ್ ಎಬ್ಬಿಸಿದ. ಲುಂಗಿ ಎತ್ತಿ ಕಟ್ಟಿ,
ಟಾರ್ಚು ಹಿಡಿದು ಮಾಡು ಹತ್ತಿದೆವು.
ಐದನೇ ತೊಲೆಯ ತನಕ ನೀರು ಸಲೀಸಾಗಿ ಬಂತು;
ಆರರ ನೆತ್ತಿಯಲ್ಲಿ ಚಣ ಹೊತ್ತು ತಡೆಯಿತು,
ಬಿಟ್ಟ ಬಾಡಿಗೆ ಮನೆಯ ಮುಂದೆ ಹಾಯುವವರ ಹಾಗೆ,
ಆಮೇಲೆ ತೂಬು ಹಿಡಿಯಿತು.
ಕೆಳಗೆ ಓಣಿಯಲ್ಲಿ
ಯಾರದೋ ಕಾರಿನ ತಗಡಿನ ಮೇಲೆ ಸದ್ದು.