ನಾಲ್ಕನೇ ಜ್ವರ

ಶಿಡ್ಲಘಟ್ಟದ ಕೋರ್ಟಿನಲ್ಲಿ ನನ್ನ ಹೆಸರನ್ನು
ಮೂರು ಸಲ ಕೂಗಿದರು, ಅಪ್ಪನ ಹೆಸರೂ ಸೇರಿಸಿ.
ಗೂಡಿನ ಮಾರ್ಕೆಟ್ಟಿನ ಹರಾಜಿನ ಹಾಗೇ ಇತ್ತು.
ತಿಂಗಳಿಗೆ ನಾಲ್ಕು ಸಾವಿರ, ಹತ್ತನೇ ತಾರೀಖಿನೊಳಗೆ,
ಅಪ್ರಾಪ್ತ ಮಗಳು ಮೋನಿಷಾಗೆ ಜೀವನಾಂಶ.
ಅವಳಿಗಾಗ ಮೂರು ವರ್ಷ. ಅಮ್ಮನ ಹೆಗಲ ಮೇಲೆ
ನಿದ್ದೆ ಹೋಗಿದ್ದಳು, ಒಂದು ಚಪ್ಪಲಿ ಕಳಚಿ ಬಿದ್ದಿತ್ತು.
ಎತ್ತಿಕೊಡೋಣ ಅಂತ ಬಗ್ಗಿದೆ.
ಅಷ್ಟರಲ್ಲಿ ಜವಾನ ಮುಂದಿನ ಕೇಸು ಕೂಗಿದ.

ಹೊರಗೆ ಜೆರಾಕ್ಸ್ ಅಂಗಡಿ ಹತ್ತಿರ ವಕೀಲರನ್ನು ಕೇಳಿದೆ:
ನನ್ನ ಜೊತೆ ಬಾಳದವಳಿಗೆ ನಾನು ಯಾಕೆ ಕೊಡಬೇಕು?
ಅವಳಿಗಲ್ಲಪ್ಪ, ಅಂದರು. ಓದು. ಮಗೂಗೆ.
ಓದಿದೆ. ಜೀವನ. ಅಂಶ.
ಯಾರ ಜೀವನ, ಅದರಲ್ಲಿ ಎಷ್ಟನೇ ಅಂಶ
ಅಂತ ಆರ್ಡರ್ ಕಾಪಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ನಾನು ಸೊಪ್ಪು ಮಾರೋನು.
ಬೆಳಗಿನ ಜಾವ ಗುತ್ತಿಗೆ ತೋಟದ ಹಿಪ್ಪುನೇರಳೆ ಕೊಯ್ದು
ಗೋಣಿತಾಟಿನಲ್ಲಿ ಕಟ್ಟಿ, ನೀರು ಚಿಮುಕಿಸಿ,
ಗೂಡ್ಸ್ ಆಟೋದಲ್ಲಿ ಮನೆ ಮನೆಗೆ ಇಳಿಸೋನು.
ಹುಳ ಅವರದು, ಸೊಪ್ಪು ನಂದು.
ಇಷ್ಟು ವರ್ಷದಲ್ಲಿ ಯಾರ ಹುಳುಮನೆಯಲ್ಲೂ
ನಾನು ರಾತ್ರಿ ಎದ್ದವನಲ್ಲ.

ತಿಂಗಳು ತಿಂಗಳು ಹಾಕಿದೆ. ಒಂದೊಂದು ಸಲ ತಡವಾಗಿ,
ಒಂದು ಯುಗಾದಿಗೆ ಬೇಕಂತಲೇ ತಡವಾಗಿ.
ಅದನ್ನೂ ಇಲ್ಲಿ ಹೇಳಬೇಕು.
ಗಂಗರತ್ನ ಫೋನು ಮಾಡಲಿ, ಕೇಳಲಿ,
ಕೇಳುವಾಗ ದನಿ ಸ್ವಲ್ಪ ಬಾಗಲಿ ಅಂತ ಕಾದೆ.
ಮಾಡಲಿಲ್ಲ. ಆಮೇಲೆ ಗೊತ್ತಾಯ್ತು, ಆ ತಿಂಗಳು
ಮೋನಿಷಾ ಸ್ಕೂಲ್ ವ್ಯಾನು ಬಿಟ್ಟು
ಬ್ಯಾಗು ಹೊತ್ತು ಪರೀಕ್ಷೆಗೆ ನಡೆದೇ ಹೋದಳಂತೆ.
ಬಾಗಿದ್ದು ಯಾರು, ನೀವೇ ಹೇಳಿ.

ಭಾನುವಾರ, ಬಸ್ ಸ್ಟ್ಯಾಂಡ್ ಎದುರಿನ ಬೇಕರಿ.
ಈಗ ಅವಳಿಗೆ ಹನ್ನೊಂದು. ಎರಡು ದಿಲ್‌ಪಸಂದ್ ಮುಗಿಸಿ
ಇನ್ನೊಂದು ಹೇಳ್ಲಾ ಅಂದಳು, ನನ್ನ ಜೇಬಿನ ಕಡೆ ನೋಡಿ.
ಹಾಗೆ ನೋಡೋದನ್ನು ಅವಳಿಗೆ ಕಲಿಸಿದೋರು ಯಾರು?
ಶೂ ತುದಿ ಬ್ಲೇಡಲ್ಲಿ ಕೊಯ್ದಿತ್ತು. ಹೆಬ್ಬೆರಳು ಆಚೆ.
ಫ್ಯಾಷನ್ನಾ, ಅಂದೆ. ನಕ್ಕಳು.
ಕಾಲು ಬೆಳೀತಲ್ಲಪ್ಪ.

ಅಷ್ಟೇ. ಅವಳನ್ನು ಬಸ್ಸು ಹತ್ತಿಸಿ
ಮೇಲೂರಿನ ಕಡೆ ಒಂದು ಮನೆಗೆ ಸೊಪ್ಪು ಇಳಿಸಕ್ಕೆ ಹೋದೆ.
ನಾಲ್ಕನೇ ಜ್ವರ ಎದ್ದ ಹುಳ. ತಟ್ಟೆ ತುಂಬ ಸರಸರ ಸದ್ದು,
ಹೊರಗೆ ಬಿಸಿಲು, ಒಳಗೆ ಹೆಂಚಿನ ಮೇಲೆ ಹನಿ ಬಿದ್ದ ಹಾಗೆ.
ಮನೆಯಾಕೆ ಆಂಜಿನಮ್ಮ ಎರಡು ಮೂಟೆ ನೋಡಿ ರೇಗಿದಳು:
ಚಾಕಿಯಲ್ಲಿದ್ದಾಗ ಚಿಟಿಕೆ ಸೊಪ್ಪು ಹೆಚ್ಚಿ ಉದುರಿಸಿದರೆ ಸಾಕಿತ್ತು,
ಈಗ ಕಡ್ಡಿ ಸಮೇತ ಹಾಕಿದರೂ ಗಳಿಗೆಯಲ್ಲಿ ಖಾಲಿ.
ಇಷ್ಟೇ ತಂದಿದ್ದೀಯಲ್ಲೋ,
ಇವು ಬೆಳೆದೇ ಇಲ್ಲ ಅಂದ್ಕೊಂಡ್ಯಾ?

ಎಂಟು ವರ್ಷ. ಅದೇ ನಾಲ್ಕು ಸಾವಿರ.
ಒಂದು ಪೈಸೆ ಬಾಕಿ ಇಲ್ಲ ಅಂತ
ಟೀ ಅಂಗಡಿಯಲ್ಲಿ ಎಷ್ಟು ಜನರ ಮುಂದೆ ಎದೆ ತಟ್ಟಿಕೊಂಡಿದ್ದೆ.

ಹತ್ತನೇ ತಾರೀಖು ಏಳು ಸಾವಿರ ಹಾಕಿದೆ.
ವಕೀಲರು ಬೈದರು: ಅವರು ಅರ್ಜಿ ಹಾಕಿಲ್ಲ,
ಕೋರ್ಟು ಕೇಳಿಲ್ಲ, ನಿಂಗ್ಯಾಕೆ ಈ ಧಾರಾಳ?
ಒಂದ್ಸಲ ಏರಿಸಿದರೆ ಇಳಿಸೋದು ಕಷ್ಟ, ಗೊತ್ತಾ?
ಗೊತ್ತು ಸ್ವಾಮಿ.
ಧಾರಾಳ ಅಲ್ಲ ಇದು. ಹಳೇ ಬಾಕಿ,
ನಿಮ್ಮ ಕಾಗದದಲ್ಲಿ ಮಾತ್ರ ಇಲ್ಲ.

ಗಂಗರತ್ನಂಗೆ ಒಂದು ಮೆಸೇಜು ಬಿಟ್ಟೆ: ಶೂ ಸೈಜು ಎಷ್ಟು?
ಎರಡು ನೀಲಿ ಗೆರೆ. ಉತ್ತರ ಇಲ್ಲ.
ಆಟೋ ತೊಳೆದೆ. ತಾಟು ಒಣಗಲು ಹಾಕಿದೆ. ಉಂಡೆ.
ರಾತ್ರಿ ಹನ್ನೊಂದಕ್ಕೆ ಬಂತು,
ಹಿಂದೆ ಮುಂದೆ ಏನೂ ಇಲ್ಲದ ಒಂದೇ ಅಂಕಿ:
ನಾಲ್ಕು.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು:
ಐದೇ ತಗೊಳ್ಳಿ. ಬೆಳೀತಾಳೆ.