ಕೀಲೆಣ್ಣೆ

ಓಸ್ಲೋದಿಂದ ಬಂದವರು ಮರದ ಉಂಗುರ ಎಣಿಸಿ
ಎಂಟುನೂರು ಚಳಿಗಾಲ ಕಂಡಿದೆ ಈ ಇಗರ್ಜಿ ಅಂದರು.
ದೇವರು ಕಾಯ್ದ, ಅಂದರು ಪಾದ್ರಿಗಳು.
ಅಯ್ಲೆವ್ ಉಗುಳಿ ಹೇಳಿದ:
ಕಾಯ್ದದ್ದು ಕೀಲೆಣ್ಣೆ.

ಪೈನ್ ಬೇರು ಮಣ್ಣಡಿ ಒಟ್ಟಿ
ಮೂರು ಹಗಲು ಮೂರು ರಾತ್ರಿ ಉರಿಯಗೊಡದೆ ಸುಟ್ಟು
ಮರದ ಬೆವರಿಳಿಸುವುದು ಅವನ ಕಸುಬು.
ಅವನ ಸೊಂಟಕ್ಕೆ ಹಗ್ಗ, ಹಗ್ಗದ ಈ ತುದಿಗೆ ನಾನು.
ಮೀನಿನ ಹುರುಪೆಯಂಥ ಹಲಗೆಗಳ ಮೇಲೆ
ಬೈಯುತ್ತ ಬಳಿಯುತ್ತ ಏರುತ್ತಿದ್ದ,
ಶಿಲುಬೆಯವರೆಗೂ, ಅದನ್ನೂ ಬೈದು.
ಭಾನುವಾರ ಅವನು ಕೂತ ಬೆಂಚಿನಲ್ಲಿ
ಬೇರಾರೂ ಕೂರುತ್ತಿರಲಿಲ್ಲ,
ಅಷ್ಟು ನಾತ.
ಹಲ್ಡಿಸ್ ಕೂತಳು. ಮದುವೆಯಾದಳು.

ದಕ್ಷಿಣದ ಗೋಡೆಗೆ ತಾಗಿದಂತೆ ಅವನ ಗುಂಡಿ.
ತೋಡಿದವನು ನಾನೇ; ಸೂರಿನ ಲೆಕ್ಕ ಮರೆತಿದ್ದೆ.
ಜುಲೈ ಬಿಸಿಲಿಗೆ ಅವನೇ ಬಳಿದದ್ದು ಕರಗಿ
ತೊಟ್ಟು ತೊಟ್ಟಾಗಿ ಅವನ ಕಲ್ಲಿನ ಮೇಲೆ.
ಹಲ್ಡಿಸ್ ಸೀಮೆಎಣ್ಣೆ ತಂದು ಉಜ್ಜಿದಳು,
ಮರುವರ್ಷ ಚಾಕು ತಂದು ಕೆರೆದಳು,
ಆಮೇಲಾಮೇಲೆ ಬರಿಗೈಲಿ ಬಂದು
ಕಲ್ಲಿಗೆ ಮೂಗು ತಾಗಿಸಿ
ಸುಮ್ಮನೆ ನಿಂತಿರುತ್ತಿದ್ದಳು.
ನಾನು ಆ ಹೊತ್ತಿಗೆ ಹುಲ್ಲು ಕೊಯ್ಯಲು
ಉತ್ತರದ ಬದಿಗೆ ಹೋಗುತ್ತಿದ್ದೆ.

ನಮ್ಮಲ್ಲಿ ಸತ್ತವರಿಗೂ ಬಾಡಿಗೆಯುಂಟು.
ಇಪ್ಪತ್ತು ವರ್ಷ ತುಂಬಿದರೆ ಕಚೇರಿಯ ಕಾಗದ:
ಮುಂದುವರಿಸುವಿರೋ, ಬಿಟ್ಟುಕೊಡುವಿರೋ?
ಬಿಟ್ಟರೆ ಕಲ್ಲು ಕೀಳಬೇಕು,
ಅದೇ ಮಣ್ಣಿಗೆ ಇನ್ನೊಬ್ಬರು.
ಹಲ್ಡಿಸ್ ಕಾಗದವನ್ನು ನನ್ನ ಮುಂದೆ ಹಿಡಿದು
ಇಗರ್ಜಿಯತ್ತ ಗದ್ದ ಎತ್ತಿ ಕೇಳಿದಳು:
ಇದು ಎಷ್ಟು ಕಟ್ಟುತ್ತದೆ?
ಸಹಿ ಹಾಕಲಿಲ್ಲ, ಹರಿಯಲೂ ಇಲ್ಲ.
ಮಡಿಸಿ, ಆ ಹಳೆಯ ಬೆಂಚಿನ ಮೇಲಿಟ್ಟು
ಕೋಲೂರುತ್ತ ಇಳಿದುಹೋದಳು.

ಗಡುವು ಮುಗಿದ ಸೋಮವಾರ ಹಾರೆ ತಂದೆ.
ಬೇರೆ ಕಲ್ಲುಗಳಲ್ಲಿ ಹೆಸರನ್ನು ಪಾಚಿ ತಿಂದಿದೆ;
ಇವನ ಕಲ್ಲಿನ ಅಕ್ಷರದ ಕುಳಿಗಳಲ್ಲಿ
ಕೀಲೆಣ್ಣೆ ತುಂಬಿ, ಹೆಪ್ಪುಗಟ್ಟಿ,
ಬಾಗಿಲಿಂದಲೇ ಓದಬಹುದು.
ಬುಡಕ್ಕೆ ಹಾರೆ ಕೊಟ್ಟು ಮೀಟಿದೆ.
ಅಂಗೈಗೆ ಕಪ್ಪು ಹತ್ತಿತು. ಅವನದೇ ವಾಸನೆ.

ಕಚೇರಿಗೆ ಬರೆದೆ:
ಇಪ್ಪತ್ತು ಬೇಸಿಗೆ ಇಳಿದ ಎಣ್ಣೆಗೆ
ಕಲ್ಲು ನೆಲಕ್ಕೆ ಅಂಟಿದೆ, ಬರುತ್ತಿಲ್ಲ.
ಎಷ್ಟು ಜೋರಾಗಿ ಮೀಟಿದೆ ಎಂದು
ಅವರು ಕೇಳಲಿಲ್ಲ,
ನಾನು ಬರೆಯಲಿಲ್ಲ.